ಚಾಪೆಯ ಮೇಲೆ ಕಟ್ಟಿದ ಮೇಳ

ಕಡವಿನಪುರದಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ಹಿಂದಿನ ಕಾಲದ ಒಂದು ಸುಂಕದ ಕಟ್ಟೆ ಇತ್ತು. ಸೇತುವೆ ಬೇರೆ ಕಡೆ ಆದ ಮೇಲೆ ಗಾಡಿಗಳು ಆ ದಾರಿ ಬಿಟ್ಟವು, ಸುಂಕದವರೂ ಬಿಟ್ಟರು. ಉಳಿದದ್ದು ಮೂರು ಕಲ್ಲುಗೋಡೆ, ಬಾಗಿಲ ಹೊಸಿಲು, ಅರ್ಧಂಬರ್ಧ ಹೆಂಚು, ಮುಂದೆ ಒಂದು ಹುಣಸೆಮರ. ಪೂಜ್ಯ ಶ್ರೀ ನಿರಂಜನಾಂಬೆ ತಾಯಿಯವರು ತಮ್ಮ ಜೀವಿತದ ಕೊನೆಯ ಮೂವತ್ತೊಂದು ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಅವರು ಕಾವಿ ಉಟ್ಟವರಲ್ಲ, ಪೀಠ ಹತ್ತಿದವರಲ್ಲ. ಬೆಳಿಗ್ಗೆ ಎದ್ದು ಕಡಲೆ ಹುರಿಯುತ್ತಿದ್ದರು, ಮಜ್ಜಿಗೆ ಕಡೆಯುತ್ತಿದ್ದರು, ಹೊಳೆ ದಾಟಿ ಬಂದ ದಾರಿಹೋಕರಿಗೆ ಅವೆರಡನ್ನೂ ಕೊಡುತ್ತಿದ್ದರು. ಸುಂಕ ಕಿತ್ತುಕೊಳ್ಳುತ್ತಿದ್ದ ಜಾಗದಲ್ಲಿ ಕೂತು ಕೊಡುವುದರಲ್ಲಿ ಅವರಿಗೊಂದು ಚೇಷ್ಟೆಯ ಸಂತೋಷವಿತ್ತೆಂದು ನನ್ನ ಊಹೆ. ಜನ ಅವರನ್ನು ಕಟ್ಟೆ ತಾಯಿ ಎಂದು ಕರೆಯುತ್ತಿದ್ದರು.

ತಾಯಿಯವರ ಬಳಿ ಒಂದೇ ಒಂದು ಚಾಪೆ ಇತ್ತು. ಹೊಳೆದಂಡೆಯ ಜೊಂಡಿನಿಂದ ಅವರೇ ಹೆಣೆದದ್ದು, ಗೋಡೆಯಿಂದ ಗೋಡೆಗೆ ಮುಟ್ಟುವಷ್ಟು ದೊಡ್ಡದು. ಅವರ ಕಟ್ಟಳೆಯೂ ಒಂದೇ. ಯಾರೇ ಬರಲಿ, ಆ ಚಾಪೆಯ ಮೇಲೆ ಕೂರಬೇಕು. ಅಮಲ್ದಾರರು ಬಂದರೂ ಅಲ್ಲಿಯೇ, ಸತ್ತ ದನ ಎಳೆಯುವವನು ಬಂದರೂ ಅಲ್ಲಿಯೇ. ತಾಯಿಯವರಿಗೆಂದು ಮಣೆ ತಂದವರಿದ್ದಾರೆ, ಜಿಂಕೆ ಚರ್ಮ ತಂದವರಿದ್ದಾರೆ. ಮಣೆ ಒಲೆಗೆ ಹೋಯಿತು, ಚರ್ಮ ಮಳೆಗಾಲದಲ್ಲಿ ಸೌದೆಯ ಮೇಲೆ ಮುಚ್ಚಲು ಬಂತು.

ತಾಯಿಯವರ ವಿಷಯ ಬರೆಯುವವರು ಸಾಮಾನ್ಯವಾಗಿ ಪವಾಡಗಳಿಂದ ಶುರುಮಾಡುತ್ತಾರೆ. ಹೊಳೆ ಉಕ್ಕಿದಾಗ ನೀರು ಕಟ್ಟೆಯ ಮೆಟ್ಟಿಲಿಗೆ ಬಂದು ನಿಂತಿತಂತೆ, ಹಾವು ಹೆಡೆ ಬಿಚ್ಚಿತಂತೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು. ನೋಡದ್ದನ್ನು ನೋಡಿದೆನೆಂದು ಬರೆಯಲಾರೆ. ಇಲ್ಲಿ ಹೇಳುವ ಪ್ರಸಂಗವನ್ನೂ ನಾನು ಕಂಡಿಲ್ಲ, ಆದರೆ ಅಲ್ಲಿದ್ದ ಇಬ್ಬರ ಬಾಯಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಹೇಳಿದ್ದು ಒಂದೇ ಆಗಿತ್ತು. ಒಬ್ಬರು ವೀಣೆಯ ವಿದ್ವಾನ್ ಅಳಸಿಂಗಾಚಾರ್ಯರು. ಇನ್ನೊಬ್ಬರು ಅವರ ವೀಣೆಗೆ ಮೇಳ ಕಟ್ಟಿದ ಕಾಳಮ್ಮನವರು. ಅಂದು ಇಡೀ ಊರು ಆಕೆಯನ್ನು 'ಅವಳು' ಎನ್ನುತ್ತಿತ್ತು. ನನ್ನಿಂದ ಅದು ಆಗದು.

ಮೇಳ ಕಟ್ಟುವುದೆಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ವೀಣೆಯ ದಂಡಿಯ ಮೇಲೆ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲುಗಳಿರುತ್ತವೆ. ಅವನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ, ಕಪ್ಪು ಮೇಣದಲ್ಲಿ ಊರಿರುತ್ತಾರೆ. ಮೇಣ ಬಿಸಿಲಿಗೆ ಸಡಿಲವಾಗುತ್ತದೆ, ವರ್ಷ ಕಳೆದಂತೆ ಮೆಟ್ಟಿಲು ಜಾರುತ್ತದೆ, ಸ್ವರ ಅತ್ತಿತ್ತ ಆಗುತ್ತದೆ. ಆಗ ಮೇಣವನ್ನು ಮತ್ತೆ ಕಾಯಿಸಿ, ಒಂದೊಂದು ಮೆಟ್ಟಿಲನ್ನೂ ಕಿವಿಯಿಂದ ಅಳೆದು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಬೇಕು. ಇದಿಷ್ಟೇ ಆಗಿದ್ದರೆ ಕಿವಿಯಿದ್ದ ಯಾರಾದರೂ ಮಾಡಿಯಾರು. ಆದರೆ ವೀಣೆಯ ತಂತಿ ದಂಡಿಯಿಂದ ಎತ್ತರದಲ್ಲಿರುತ್ತದೆ. ಬೆರಳನ್ನು ಮೆಲ್ಲಗೆ ಒತ್ತಿದರೆ ಬರುವ ಸ್ವರವೇ ಬಲವಾಗಿ ಒತ್ತಿದರೆ ಒಂದು ಎಳೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಮೇಳ ಕಟ್ಟುವಾಗ ವೀಣೆ ನುಡಿಸುವವರು ಎದುರು ಕೂತು, ತಮ್ಮ ಬೆರಳಿನಿಂದಲೇ ಒಂದೊಂದು ಸ್ವರವನ್ನೂ ಒತ್ತಿ ತೋರಿಸಬೇಕು. ಕಟ್ಟುವವರು ಆ ಒತ್ತಡಕ್ಕೆ ತಕ್ಕಂತೆ ಮೆಟ್ಟಿಲನ್ನು ಹಿಂದೆ ಮುಂದೆ ಸರಿಸುತ್ತಾರೆ. ಇದಕ್ಕೆ ಬೆರಳು ಕೊಡುವುದು ಎನ್ನುತ್ತಿದ್ದರು. ಒಂದೇ ವೀಣೆಯ ಎರಡು ಬದಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಇಡೀ ಮಧ್ಯಾಹ್ನ ಇಬ್ಬರೂ ಕೂರಬೇಕಾಗುತ್ತಿತ್ತು.

ಕಡವಿನಪುರದಲ್ಲಿ ಈ ಕೆಲಸ ಮಾಡುತ್ತಿದ್ದವರು ಕಾಳಿಂಗಾಚಾರಿ. ಅವರು ತೀರಿಕೊಂಡ ಮೇಲೆ ಉಪಕರಣದ ಪೆಟ್ಟಿಗೆ ಅವರ ಒಬ್ಬಳೇ ಮಗಳು ಕಾಳಮ್ಮನವರ ಕೈಗೆ ಬಂತು. ಆಕೆಗೆ ಆಗ ಇಪ್ಪತ್ತಾರು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಂದೆಯ ಮನೆಗೆ ಮರಳಿದ್ದವರು. ಕೆಲಸ ಬಿಟ್ಟರೆ ಆಕೆಗೆ ಬೇರೆ ಗತಿಯೂ ಇರಲಿಲ್ಲ, ಬೇರೆ ಪ್ರೀತಿಯೂ ಇರಲಿಲ್ಲ.

ಆ ವರ್ಷ ಶರನ್ನವರಾತ್ರಿಗೆ ಮುಂಚೆ ಅಳಸಿಂಗಾಚಾರ್ಯರ ವೀಣೆ ಮೇಳಕ್ಕೆ ಬಂತು. ವೀಣೆ ಬಂತು, ಆಚಾರ್ಯರು ಬರಲಿಲ್ಲ. ಒಂದು ಮಧ್ಯಾಹ್ನ ಬಂದು ಬೆರಳು ಕೊಟ್ಟು ಹೋಗಬೇಕೆಂದು ಕಾಳಮ್ಮನವರು ಹೇಳಿ ಕಳಿಸಿದರು. ಬಂದ ಉತ್ತರವನ್ನು ಆಚಾರ್ಯರೇ ಮುಪ್ಪಿನಲ್ಲಿ, ತಲೆ ತಗ್ಗಿಸಿಕೊಂಡು, ನನಗೆ ಹೇಳಿದರು: "ಹೆಂಗಸಿನ ಎದುರು ಮಂಡಿಗೆ ಮಂಡಿ ತಾಗಿಸಿ ಕೂರೋದಕ್ಕೆ ನನಗೇನು ಹುಚ್ಚು ಹಿಡಿದಿದೆಯೇ? ಕಟ್ಟಿ ಕಳಿಸು ಅನ್ನಿ." ಕಾಳಮ್ಮನವರು ಕಟ್ಟಿದರು. ಬೆರಳು ಸಿಗದಿದ್ದರೆ ಶುದ್ಧ ಸ್ವರಕ್ಕೆ ಕಟ್ಟು, ಊಹೆಗೆ ಕಟ್ಟಬೇಡ ಎಂದು ತಂದೆ ಹೇಳಿಕೊಟ್ಟಿದ್ದರು. ಹಾಗೆಯೇ ಕಟ್ಟಿ, ಶುದ್ಧಕ್ಕೆ ಕಟ್ಟಿದೆ, ಅವರ ಬೆರಳಿಗೆ ಕಟ್ಟಿಲ್ಲ ಎಂದೂ ಹೇಳಿ ಕಳಿಸಿದರು. ಆ ಮಾತು ಆಚಾರ್ಯರ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಪಾಡ್ಯದ ದಿನ ಊರಿನ ಸಂಗೀತ ಸಭೆಯಲ್ಲಿ ಮೊದಲ ಕಛೇರಿ. ಆಚಾರ್ಯರು ಆಲಾಪನೆಗೆ ಬೆರಳಿಟ್ಟರು. ಸ್ವರಗಳೆಲ್ಲ ಒಂದು ಎಳೆ ಏರಿಕೊಂಡು ಕೂತಿದ್ದವು. ಎಳೆಯೇ ಸರಿ, ಆದರೆ ಆ ಸಭೆಯಲ್ಲಿದ್ದವರ ಕಿವಿ ಅಂಥದು. ಮುಂದಿನ ಸಾಲಿನಲ್ಲಿ ಒಬ್ಬರು ಮುಖ ಸಿಂಡರಿಸಿದರು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಆಚಾರ್ಯರು ವೀಣೆಯನ್ನು ಅರ್ಧಕ್ಕೆ ಕೆಳಗಿಟ್ಟು ಎದ್ದುಹೋದರು.

ಮಾರನೆಯ ದಿನವೇ ಸಭೆಯ ಹಿರಿಯರು ತೀರ್ಮಾನ ಮಾಡಿಬಿಟ್ಟರು. ಮೂಲಾ ನಕ್ಷತ್ರದ ದಿನ, ಸರಸ್ವತಿಯ ಆವಾಹನೆಗೆ ಮುಂಚೆ, ಕಾಳಮ್ಮ ಸಭೆಯ ಮುಂದೆ ನಿಂತು ತನ್ನ ಕೈ ತಪ್ಪಿತೆಂದು ಒಪ್ಪಿಕೊಳ್ಳಬೇಕು. ಅಪ್ಪನ ಪೆಟ್ಟಿಗೆಯನ್ನು ಸಭೆಗೆ ಒಪ್ಪಿಸಬೇಕು. ಇಲ್ಲದಿದ್ದರೆ ಊರಿನ ಒಂದು ವೀಣೆಯೂ ಆಕೆಯ ಹೊಸಿಲು ದಾಟಕೂಡದು. ಒಪ್ಪಿಕೊಂಡರೂ ಪೆಟ್ಟಿಗೆ ಹೋಗುತ್ತಿತ್ತು, ಒಪ್ಪದಿದ್ದರೂ ಕೆಲಸ ಹೋಗುತ್ತಿತ್ತು. ಹಿರಿಯರ ನ್ಯಾಯ ಹೀಗೆ ಎರಡೂ ಕಡೆ ಬಾಗಿಲು ಹಾಕಿಕೊಂಡೇ ಶುರುವಾಗುತ್ತದೆ. ಆಕೆ ಆಗದೆಂದು ತಲೆ ಅಲ್ಲಾಡಿಸಿದಾಗ, ಸಭೆಯ ಯಜಮಾನರಾದ ಪುಟ್ಟತಮ್ಮಯ್ಯ ಶೆಟ್ಟರು ಒಂದು ಉಪಾಯ ಹೇಳಿದರು. "ಕಟ್ಟೆ ತಾಯಿ ಹತ್ರ ಹೋಗು. ಅವರಾದ್ರೂ ನಿಂಗೆ ಬುದ್ಧಿ ಹೇಳಲಿ."

ಕಾಳಮ್ಮನವರು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಗೆ ಬಂದದ್ದು ಮೂಲಾ ನಕ್ಷತ್ರಕ್ಕೆ ಎರಡು ದಿನ ಮುಂಚೆ, ಹೊತ್ತು ಮೇಲೇರಿದ ಮೇಲೆ. ತಾಯಿಯವರು ಒಲೆಯ ಮುಂದೆ ಕಡಲೆ ಹುರಿಯುತ್ತಿದ್ದರು. ಕೂರೆಂದು ಕಣ್ಣಲ್ಲೇ ಹೇಳಿದರು. ಕಾಳಮ್ಮನವರು ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಅಳಲಿಲ್ಲ. ಅಳುವಷ್ಟು ಮೆತ್ತಗಿನ ಸಿಟ್ಟು ಅದಾಗಿರಲಿಲ್ಲ ಎಂದು ಅವರೇ ನನಗೆ ಹೇಳಿದ್ದಾರೆ.

ತಾಯಿಯವರು ಬಾಣಲೆ ಇಳಿಸಿದರು. "ನೀನು ಕಟ್ಟಿದ್ದು ಸರಿಯೋ ತಪ್ಪೋ?"

"ಸರಿ, ತಾಯಿ. ಅವರ ಬೆರಳಿಗೆ ತಪ್ಪಾಗಿ ಕೇಳ್ತದೆ. ಅವರು ಬಂದು ಕೂರ್ಲಿಲ್ಲ, ನಾನೇನು ಮಾಡ್ಲಿ?"

"ಹಾಗಾದರೆ ತಪ್ಪಾಯ್ತು ಅನ್ನಬೇಡ."

ಬುದ್ಧಿ ಹೇಳಿಸಲು ಕಳಿಸಿದ್ದವರು ಈ ಬುದ್ಧಿಯನ್ನು ನಿರೀಕ್ಷಿಸಿರಲಿಲ್ಲ. ಕಾಳಮ್ಮನವರೂ ನಿರೀಕ್ಷಿಸಿರಲಿಲ್ಲ. "ಅನ್ನದೇ ಇದ್ರೆ ಕೆಲಸ ಕಿತ್ಕೊಳ್ತಾರೆ ತಾಯಿ" ಎಂದರು.

"ಕಿತ್ತುಕೊಂಡು ನೋಡಲಿ" ಎಂದು ತಾಯಿಯವರು ಒಂದು ಹಿಡಿ ಬಿಸಿ ಕಡಲೆಯನ್ನು ಆಕೆಯ ಸೆರಗಿಗೆ ಸುರಿದರು. "ತಿನ್ನು. ಹೊಟ್ಟೆ ಖಾಲಿ ಇಟ್ಟುಕೊಂಡು ಹಟ ಮಾಡಬಾರದು."

ಕಡಲೆ ಮುಗಿಯುವಷ್ಟರಲ್ಲಿ ಹುಣಸೆಮರದ ಕೆಳಗೆ ಜಟಕಾ ಬಂದು ನಿಂತಿತು. ಕಾಳಮ್ಮ ಕಟ್ಟೆಗೆ ಹೋದದ್ದು ಕೇಳಿ, ತಾಯಿಯವರ ಮನಸ್ಸು ಒಂದೇ ಕಡೆಯ ಮಾತಿಗೆ ಕರಗೀತೆಂದು ಆಚಾರ್ಯರು ತಾವೇ ಹೊರಟುಬಂದಿದ್ದರು. ಜೊತೆಗೆ ಪುಟ್ಟತಮ್ಮಯ್ಯ ಶೆಟ್ಟರು, ಶೆಟ್ಟರ ತೊಡೆಯ ಮೇಲೆ ವೀಣೆ. ಆಚಾರ್ಯರಿಗೆ ತಾಯಿಯವರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಕಡಲೆ ಹುರಿಯುವ ಮುದುಕಿಗೆ ಊರು ಅಡ್ಡಬೀಳುತ್ತದೆ ಎಂದು ಅವರು ಮೂಗು ಮುರಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು.

ಶೆಟ್ಟರಿಗೆ ಮಂಡಿ ನೋವು. ಒಳಗೆ ಬಂದವರೇ ಅಪ್ಪಾ ಎಂದು ಚಾಪೆಯ ಮೇಲೆ ಕುಸಿದು ಕಡಲೆಗೆ ಕೈ ಚಾಚಿದರು. ಆಚಾರ್ಯರು ಬಾಗಿಲಲ್ಲೇ ನಿಂತರು. ಚಾಪೆಯ ಮೇಲೆ ಕಾಳಮ್ಮನವರು ಕೂತಿದ್ದರು. ಅಲ್ಲಿಂದಲೇ ಆಚಾರ್ಯರು ಮಾತು ಶುರುಮಾಡಿದರು. ಸಭೆಯಲ್ಲಿ ಆದ ಅವಮಾನ, ಶಾಸ್ತ್ರ, ಸಂಪ್ರದಾಯ, ಹೆಂಗಸಿನ ಕೈಗೆ ಈ ಕೆಲಸ ಬಂದದ್ದರ ಅನರ್ಥ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದರು. ತಾಯಿಯವರು ಇನ್ನೊಂದು ಒಬ್ಬೆ ಕಡಲೆಯನ್ನು ಬಾಣಲೆಗೆ ಹಾಕಿದರು. ಅದು ಚಟಪಟ ಸಿಡಿಯಿತು. ಆಚಾರ್ಯರು ಮಾತು ಮುಗಿಸಿದಾಗ ತಾಯಿಯವರು ತಲೆ ಎತ್ತಿದರು.

"ನಿಂತುಕೊಂಡು ಆಡಿದ ಮಾತು ನನಗೆ ಕೇಳಿಸೋದಿಲ್ಲ, ಸ್ವಾಮಿ. ಕೂತು ಹೇಳಿ."

ಆಚಾರ್ಯರ ಮುಖ ಕೆಂಪಾಯಿತು. ಆದರೆ ಹಟಕ್ಕೆ ಬಿದ್ದವರು ಕೂರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು. ತಾಯಿಯವರು ಕಡಲೆ ಕೇರಿದರು, ಸಿಪ್ಪೆ ಊದಿದರು, ಶೆಟ್ಟರಿಗೆ ಮಜ್ಜಿಗೆ ಕೊಟ್ಟರು. ಹೀಗೆಯೇ ಒಂದು ಗಂಟೆ ಕಳೆಯಿತು. ಇದನ್ನು ಹೇಳುವಾಗ ಆಚಾರ್ಯರಿಗೆ ಮುಪ್ಪಿನಲ್ಲೂ ನಗು ಬರುತ್ತಿತ್ತು: "ನನ್ನ ಕಾಲು ಮರಗಟ್ಟಿತು ಮೇಷ್ಟ್ರೇ, ಆ ತಾಯಿಯ ಕಿವಿ ಕದಲಲಿಲ್ಲ."

ಕೊನೆಗೆ ಅವರು ಸೋತದ್ದು ತಾಯಿಯವರಿಗಲ್ಲ, ವೀಣೆಗೆ. ಮೇಳ ಹೇಗೆ ಕೆಟ್ಟಿದೆ ಎಂದು ನುಡಿಸಿಯೇ ತೋರಿಸಿಬಿಡುತ್ತೇನೆಂದು ಹೊರಟರು. ವೀಣೆಯನ್ನು ನಿಂತು ನುಡಿಸಲು ಬರುವುದಿಲ್ಲ. ಒಂದು ಕ್ಷಣ ಹಿಂದೆ ಮುಂದೆ ನೋಡಿ, ಚಾಪೆಯಿಂದಾಚೆ, ಹೊಸಿಲ ಬಳಿ ಒಂದು ಮೊಳ ಬರಿಯ ನೆಲದ ಮೇಲೆ ತಮ್ಮ ಉತ್ತರೀಯ ಹಾಸಿ ಕೂತರು. ವೀಣೆಯನ್ನು ತೊಡೆಗೆ ತಂದುಕೊಂಡು, ಶ್ರುತಿ ಮಾಡಿ, ಗಾಂಧಾರದ ಮೆಟ್ಟಿಲಿನ ಮೇಲೆ ಬೆರಳೊತ್ತಿ ಮೀಟಿದರು. ಸ್ವರ ಏರಿತ್ತು. ಪಂಚಮ ಮೀಟಿದರು. ಅದೂ ಏರಿತ್ತು.

"ಕೇಳಿತೋ?" ಎಂದರು.

"ಕೇಳಿತು" ಎಂದು ತಾಯಿಯವರು ಕಾಳಮ್ಮನವರ ಕಡೆ ತಿರುಗಿದರು. "ನೀನು ಮೀಟು."

ಹೆಂಗಸೊಬ್ಬಳು ತಮ್ಮ ತೊಡೆಯ ಮೇಲಿನ ವೀಣೆಯನ್ನು ಮುಟ್ಟುವುದೇ ಎಂದು ಆಚಾರ್ಯರು ಬಾಯಿ ತೆರೆಯುವಷ್ಟರಲ್ಲಿ ಕಾಳಮ್ಮನವರು ಚಾಪೆಯ ಅಂಚಿಗೆ ಸರಿದು ಕೈ ಚಾಚಿಬಿಟ್ಟಿದ್ದರು. ಆಕೆಗೆ ರಾಗ ನುಡಿಸಲು ಬರದು. ಒಂದೊಂದೇ ಸ್ವರವನ್ನು ಒತ್ತಿ ಮೀಟಬಲ್ಲರು, ಅಷ್ಟೇ. ಅದೇ ಗಾಂಧಾರವನ್ನು ಮೀಟಿದರು. ಎಲ್ಲಿ ಇರಬೇಕೋ ಅಲ್ಲಿಯೇ ಇತ್ತು. ಪಂಚಮ ಮೀಟಿದರು. ಕಡಲೆ ಅಗಿಯುತ್ತಿದ್ದ ಶೆಟ್ಟರು ಅಗಿಯುವುದನ್ನು ನಿಲ್ಲಿಸಿದರು.

ಆಚಾರ್ಯರು ಆಕೆಯ ಕೈ ಸರಿಸಿ ತಾವೇ ಮೀಟಿದರು. ಏರಿತು. ಮತ್ತೆ ಒತ್ತಿ ಮೀಟಿದರು. ಇನ್ನೂ ಏರಿತು.

ತಾಯಿಯವರು ಕೇಳಿದರು: "ವೀಣೆ ಅದೇ. ಮೆಟ್ಟಿಲು ಅದೇ. ಬೇರೆಯಾದದ್ದು ಯಾವುದು, ಸ್ವಾಮಿ?"

ಉತ್ತರ ಆಚಾರ್ಯರಿಗೆ ಗೊತ್ತಿತ್ತು. ಅಷ್ಟು ದೊಡ್ಡ ವಿದ್ವಾಂಸರಿಗೆ ಗೊತ್ತಿರದೆ ಹೇಗೆ? ಗೊತ್ತಾದದ್ದೇ ಅವರ ಸಿಟ್ಟನ್ನು ಹೆಚ್ಚಿಸಿತು. "ಮೂವತ್ತು ವರ್ಷ ಕಾಳಿಂಗ ಕಟ್ಟಿದ" ಎಂದು ಗುಡುಗಿದರು. "ಒಂದು ದಿನ ಹೀಗಾಗಲಿಲ್ಲ! ಅವನ ಕೈ ಅಂಥದು. ನಿನಗೆ ಆ ಕೈ ಎಲ್ಲಿಂದ ಬರಬೇಕು?"

ಇಲ್ಲಿಯವರೆಗೆ ಕಾಳಮ್ಮನವರು ಅವರ ಮುಖ ನೋಡಿ ಮಾತಾಡಿರಲಿಲ್ಲ. ಈಗ ನೋಡಿದರು.

"ಇಪ್ಪತ್ತೊಂದು ವರ್ಷ ಅಪ್ಪ ಕಟ್ಟಿದ್ರು, ಸ್ವಾಮಿ. ಆಮೇಲೆ ಅವರ ಕೈ ನಡುಗೋಕೆ ಶುರುವಾಯ್ತು. ಕೊನೇ ಒಂಬತ್ತು ವರ್ಷ ನಾನು ಕಟ್ಟಿದ್ದು."

"ಸುಳ್ಳು! ನಾನೇ ಎದುರಿಗೆ ಕೂತು ಬೆರಳು ಕೊಟ್ಟಿದ್ದೇನೆ!"

"ಕೂತಿದ್ರಿ. ಕಣ್ಣು ಮುಚ್ಕೊಂಡು ಕೂತಿದ್ರಿ."

ಅದು ನಿಜವಾಗಿತ್ತು. ಮೇಳ ಕಟ್ಟುವಾಗ ಸ್ವರ ಚೆನ್ನಾಗಿ ಕೇಳಬೇಕೆಂದು ಆಚಾರ್ಯರು ಕಣ್ಣು ಮುಚ್ಚಿಕೊಂಡು ಬೆರಳು ಕೊಡುತ್ತಿದ್ದರು. ಅದು ಅವರ ಪದ್ಧತಿ. ಊರಿನಲ್ಲಿ ಅದನ್ನೊಂದು ಯೋಗವೆಂಬಂತೆ ಹೊಗಳುತ್ತಿದ್ದರು. ಆಚಾರ್ಯರು ಕಣ್ಣು ಮುಚ್ಚಿದೊಡನೆ ಕಾಳಿಂಗಾಚಾರಿ ಹಿಂದಕ್ಕೆ ಸರಿಯುತ್ತಿದ್ದರು, ಮೇಣ ಕಾಯಿಸುತ್ತ ಪಕ್ಕದಲ್ಲಿ ಕೂತಿದ್ದ ಮಗಳು ಮುಂದಕ್ಕೆ ಬರುತ್ತಿದ್ದರು. 'ಸರಿಯಾಯಿತೇ, ಬುದ್ಧಿ?' ಎಂದು ಕೇಳುತ್ತಿದ್ದ ಗಂಟಲು ಮಾತ್ರ ತಂದೆಯದು. ಕೆಲಸ ಕೈಬಿಟ್ಟು ಹೋಗದಿರಲೆಂದು ತಂದೆ ಹೇಳಿಕೊಟ್ಟ ಉಪಾಯ ಅದು. ಒಂಬತ್ತು ನವರಾತ್ರಿ ಆಚಾರ್ಯರು, "ಭೇಷ್ ಕಾಳಿಂಗ, ನಿನ್ನಂಥ ಕೈ ಇನ್ನೊಂದಿಲ್ಲ" ಎಂದು ತಲೆದೂಗಿ ಕಣ್ಣು ತೆರೆಯುವ ಹೊತ್ತಿಗೆ ಆ ಕೈ ಸೆರಗಿನೊಳಗೆ ಸೇರಿಬಿಟ್ಟಿರುತ್ತಿತ್ತು.

"ಮೋಸ!" ಎಂದು ಆಚಾರ್ಯರು ವೀಣೆಯನ್ನು ಚಾಪೆಯ ಮೇಲಿಟ್ಟು ಎದ್ದೇಬಿಟ್ಟರು. "ಶೆಟ್ಟರೇ, ಕೇಳಿದಿರಲ್ಲ? ಒಂಬತ್ತು ವರ್ಷ ನನಗೆ ಮೋಸ ಮಾಡಿದ್ದಾರೆ!"

ಶೆಟ್ಟರು ಉಭಯಸಂಕಟದಲ್ಲಿ ಕಡಲೆಯ ಸಿಪ್ಪೆ ಆರಿಸತೊಡಗಿದರು. ತಾಯಿಯವರ ದನಿ ಏರಲಿಲ್ಲ. ಆದರೆ ಅದರಲ್ಲಿ ಒಲೆಯ ಬಿಸಿ ಇತ್ತೆಂದು ಇಬ್ಬರೂ ಹೇಳಿದ್ದಾರೆ.

"ಒಂಬತ್ತು ವರ್ಷ ಕಿವಿಗೆ ಸರಿಯಾಗಿದ್ದದ್ದು, ಇವತ್ತು ಕಣ್ಣಿಗೆ ತಪ್ಪಾಯಿತೇ?"

ಆಚಾರ್ಯರಿಗೆ ಶಾಸ್ತ್ರ ಗೊತ್ತಿತ್ತು, ವಾದ ಗೊತ್ತಿತ್ತು, ಯಾವುದೂ ನೆರವಿಗೆ ಬರಲಿಲ್ಲ. ಏಕೆಂದರೆ ತಾಯಿಯವರು ಪ್ರಶ್ನಿಸಿದ್ದು ಅವರ ಕಿವಿಯ ಮರ್ಯಾದೆಯನ್ನು. ಜೀವಮಾನವೆಲ್ಲ ಅವರು ಬೇರೆ ಯಾವುದನ್ನೂ ಅಷ್ಟು ನಂಬಿದವರಲ್ಲ. ಕಾಳಮ್ಮನ ಕೈ ಕೆಟ್ಟದ್ದೆಂದರೆ ತಮ್ಮ ಕಿವಿ ಒಂಬತ್ತು ವರ್ಷ ಕಿವುಡಾಗಿತ್ತೆಂದು ಒಪ್ಪಬೇಕು. ಕಿವಿ ಸರಿಯಿತ್ತೆಂದರೆ ಆ ಕೈಯನ್ನು ಒಪ್ಪಬೇಕು.

ಹೊಸಿಲು ದಾಟಿ ಎರಡು ಹೆಜ್ಜೆ ಇಟ್ಟರು. ಜಟಕಾದ ಕುದುರೆ ಗೊರಸು ಕೆರೆಯಿತು. ತಾಯಿಯವರು ಅವರನ್ನು ತಡೆಯಲಿಲ್ಲ. "ನಾಳಿದ್ದು ಮೂಲಾ ನಕ್ಷತ್ರ" ಎಂದರು, ಅಷ್ಟೇ.

ಆಚಾರ್ಯರು ಅಲ್ಲಿಯೇ ನಿಂತರು. ಬೆನ್ನು ತಿರುಗಿಸಿಕೊಂಡೇ, "ಕಟ್ಟಲಿ. ಬೆರಳು ಕೊಡುತ್ತೇನೆ" ಎಂದರು.

ಪುಸ್ತಕದ ಕಥೆಯಾಗಿದ್ದರೆ ಇಲ್ಲಿ ಕಾಳಮ್ಮ ಅವರ ಪಾದಕ್ಕೆ ಬಿದ್ದು, ಕೃತಾರ್ಥಳಾದೆ ಎನ್ನಬೇಕಿತ್ತು. ಆಕೆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಕಟ್ತೀನಿ, ಸ್ವಾಮಿ. ಆದ್ರೆ ಈ ಸಲ ಕಣ್ಣು ತೆಗ್ದು ಕೂರ್ಬೇಕು. ಈ ಚಾಪೆ ಮೇಲೆ."

ಶೆಟ್ಟರ ಕೈಯಿಂದ ಮಜ್ಜಿಗೆಯ ಲೋಟ ಜಾರಿತು. ತಾಯಿಯವರು ನಕ್ಕರು. ಅವರು ಗಟ್ಟಿಯಾಗಿ ನಕ್ಕದ್ದನ್ನು ಕಂಡವರು ಕಡಿಮೆ. ಅಂದು ನಕ್ಕರಂತೆ, ಕಣ್ಣಲ್ಲಿ ನೀರು ಬರುವಷ್ಟು.

ಆಚಾರ್ಯರು ತಿರುಗಿದರು. ಹೊಸಿಲ ಬಳಿ ಹಾಸಿದ್ದ ಉತ್ತರೀಯವನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಬಂದು ಚಾಪೆಯ ಮೇಲೆ, ಕಾಳಮ್ಮನವರ ಎದುರು ಕೂತರು. ಮಂಡಿಗೆ ಮಂಡಿ ತಾಗಿತು. ಭೂಮಿಯೇನೂ ಬಾಯಿ ಬಿಡಲಿಲ್ಲ.

ಆ ಮಧ್ಯಾಹ್ನದ ಕೆಲಸವನ್ನು ಕಾಳಮ್ಮನವರು ನನಗೆ ಬೆರಳು ಆಡಿಸಿ ಆಡಿಸಿ ತೋರಿಸಿದ್ದಾರೆ. ಕಡಲೆ ಹುರಿಯುವ ಒಲೆಯಲ್ಲೇ ಕಬ್ಬಿಣದ ಸಲಾಕೆ ಕಾಯಿತು. ಊದುಗೊಳವೆ ಹಿಡಿದು ಕೆಂಡ ಊದಿದವರು ಬೇರೆ ಯಾರೂ ಅಲ್ಲ, ಪೂಜ್ಯ ತಾಯಿಯವರೇ. ಬೇಡ ತಾಯಿ ಎಂದದ್ದಕ್ಕೆ, "ನನಗೆ ಸ್ವರ ತಿಳಿಯೋದಿಲ್ಲ, ಬೆಂಕಿ ತಿಳೀತದೆ" ಎಂದರಂತೆ. ಕಾದ ಸಲಾಕೆಯನ್ನು ಮೆಟ್ಟಿಲಿನ ಬುಡದ ಮೇಣಕ್ಕೆ ತಾಗಿಸಬೇಕು. ಮೇಣ ಬೆವರಿದಂತೆ ಹೊಳೆಯುತ್ತದೆ. ಆಗ ಆಚಾರ್ಯರು ಒತ್ತಿ ಮೀಟುತ್ತಾರೆ, ಕಾಳಮ್ಮನವರು ಕೇಳುತ್ತಾರೆ, ಹೆಬ್ಬೆರಳಿನಿಂದ ಮೆಟ್ಟಿಲನ್ನು ಕೂದಲೆಳೆಯಷ್ಟು, ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ಮುಖದ ಕಡೆಗೆ ಸರಿಸುತ್ತಾರೆ. ಮತ್ತೆ ಮೀಟು, ಮತ್ತೆ ಸರಿಸು. ಸ್ವರ ಇಳಿದು ತನ್ನ ಜಾಗಕ್ಕೆ ಬಂದಾಗ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಆಗ ಊದಿ ಆರಿಸುವುದು.

ಆರನೆಯ ಮೆಟ್ಟಿಲಿನವರೆಗೆ ಆಚಾರ್ಯರು ಅಭ್ಯಾಸಬಲದಿಂದ ಕಣ್ಣು ಮುಚ್ಚಿದಾಗಲೆಲ್ಲ ಕಾಳಮ್ಮನವರು ಕೈ ಹಿಂದೆಗೆದು ಸುಮ್ಮನೆ ಕೂರುತ್ತಿದ್ದರು. ಅವರು ಕಣ್ಣು ತೆರೆದ ಮೇಲೆಯೇ ಮತ್ತೆ ಕೈ ಮುಂದೆ ಬರುತ್ತಿತ್ತು. ಆರರ ನಂತರ ಆಚಾರ್ಯರು ಕಣ್ಣು ಮುಚ್ಚಲಿಲ್ಲ. ಆ ಕೈಯನ್ನು ನೋಡಿದರು. ಹೆಬ್ಬೆರಳಿನ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು, ಒಂದರ ಮೇಲೊಂದು. ಒಂಬತ್ತು ವರ್ಷದವು. ಹದಿನೇಳನೆಯ ಮೆಟ್ಟಿಲು ಕಟ್ಟುವಾಗ ಸಲಾಕೆ ಆಕೆಯ ಬೆರಳಿಗೆ ತಗುಲಿತು. ಆಕೆ ಉಫ್ ಎನ್ನಲಿಲ್ಲ, ಕೈಯನ್ನೂ ಎತ್ತಲಿಲ್ಲ. ಎತ್ತಿದ್ದರೆ ಮೆಟ್ಟಿಲು ಜಾರುತ್ತಿತ್ತು.

"ಒಂಬತ್ತು ವರ್ಷ ಈ ಬೆರಳು ಸುಟ್ಟುಕೊಂಡಿದೆ, ನಾನು ಭೇಷ್ ಕಾಳಿಂಗ ಅಂದಿದ್ದೇನೆ" ಎಂದು ನನ್ನೆದುರು ಆಚಾರ್ಯರು ಅತ್ತುಬಿಟ್ಟರು. ಅಂದು ಅಳಲಿಲ್ಲವಂತೆ. ಅಂದು ಅವರ ಬಾಯಿಂದ ಬಂದದ್ದು ಒಂದೇ ಮಾತು. ಇಪ್ಪತ್ತನಾಲ್ಕನೆಯ ಮೆಟ್ಟಿಲು ಆರಿದ ಮೇಲೆ, ಉದ್ದಕ್ಕೂ ಒಮ್ಮೆ ಬೆರಳಾಡಿಸಿ ಕೇಳಿ, "ಭೇಷ್, ಕಾಳಮ್ಮ" ಎಂದರು.

ಮೂಲಾ ನಕ್ಷತ್ರದ ದಿನ ಸಭೆ ಕಿಕ್ಕಿರಿದಿತ್ತು. ಅರ್ಧ ಜನ ಬಂದದ್ದು ಸಂಗೀತಕ್ಕೆ, ಇನ್ನರ್ಧ ಕಾಳಮ್ಮ ತಪ್ಪೊಪ್ಪಿಕೊಳ್ಳುವುದನ್ನು ನೋಡಲಿಕ್ಕೆ. ಆಕೆ ಪೆಟ್ಟಿಗೆ ಹಿಡಿದು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಕಡೆ ನಿಂತಿದ್ದರು. ಆಚಾರ್ಯರು ವೇದಿಕೆ ಹತ್ತಿದರು. ಜಮಖಾನದ ಮೇಲೆ ವೀಣೆ ಮಲಗಿತ್ತು. ಅವರು ಕೂರಲಿಲ್ಲ.

"ನನ್ನ ವೀಣೆಗೆ ಮೇಳ ಕಟ್ಟಿದವರು ಹೊರಗೆ ನಿಂತಿದ್ದಾರೆ" ಎಂದರು. "ಅವರು ಒಳಗೆ ಬಂದು ಈ ಜಮಖಾನದ ಮೇಲೆ ಕೂರಬೇಕು."

ಸಭೆಯಲ್ಲಿ ಗುಸುಗುಸು ಎದ್ದಿತು. ತಪ್ಪೊಪ್ಪಿಗೆ ಎಲ್ಲಿ ಎಂದು ಯಾರೋ ಕೇಳಿದರು. "ತಪ್ಪು ಮೇಳದ್ದಲ್ಲ, ನನ್ನ ಬೆರಳಿನದು. ಒಪ್ಪಿಕೊಂಡಾಯಿತು" ಎಂದರು ಆಚಾರ್ಯರು. ಹಿರಿಯರೊಬ್ಬರು ಎದ್ದು, ಹೆಂಗಸರು ವೇದಿಕೆ ಹತ್ತುವ ಪದ್ಧತಿ ಈ ಸಭೆಯಲ್ಲಿಲ್ಲ, ಮುಹೂರ್ತ ಮೀರುತ್ತದೆ, ದಯವಿಟ್ಟು ಕೂತು ಶುರುಮಾಡಬೇಕು ಎಂದರು.

"ವೀಣೆಯನ್ನು ನಿಂತು ನುಡಿಸೋದಕ್ಕೆ ಬರೋದಿಲ್ಲ" ಎಂದರು ಆಚಾರ್ಯರು. "ಅವರು ಕೂತ ಮೇಲೆ ನಾನು ಕೂರುತ್ತೇನೆ. ಅವರು ಕೂರದಿದ್ದರೆ, ಈ ವರ್ಷ ಸರಸ್ವತಿಯೂ ನನ್ನ ಜೊತೆ ನಿಂತೇ ಇರಲಿ."

ಹೇಳಿ, ಕೈಕಟ್ಟಿ ನಿಂತುಬಿಟ್ಟರು. ಅರವತ್ತು ದಾಟಿದ ಮನುಷ್ಯ. ಒಬ್ಬರು ಬೇಡಿಕೊಂಡರು, ಒಬ್ಬರು ಗದರಿದರು, ಇಬ್ಬರು ಎದ್ದುಹೋದರು. ಆಚಾರ್ಯರು ಕದಲಲಿಲ್ಲ. ಕಾಲು ಗಂಟೆಯಾದ ಮೇಲೆ ಪುಟ್ಟತಮ್ಮಯ್ಯ ಶೆಟ್ಟರು, ಮಂಡಿ ಹಿಡಿದುಕೊಂಡು ಎದ್ದು, ಜನರನ್ನು ಸರಿಸುತ್ತ ಬಾಗಿಲವರೆಗೆ ಹೋಗಿ, "ಬಾ ತಾಯಿ, ನಿನ್ನ ದಮ್ಮಯ್ಯ, ಬಂದು ಕೂತ್ಕೋ" ಎಂದರು. ಕಾಳಮ್ಮನವರು ಪೆಟ್ಟಿಗೆಯ ಸಮೇತ ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆ ಹತ್ತಿ ಕೂತರು. ಆಚಾರ್ಯರು ಆಮೇಲೆ ಕೂತರು.

ಅಂದಿನ ಕಛೇರಿಯನ್ನು ಕೇಳಿದವರು ಈಗಲೂ ಕೆಲವರಿದ್ದಾರೆ. ಸ್ವರ ಹೇಗಿತ್ತೆಂದು ಕೇಳಿದರೆ ಸುಮ್ಮನೆ ಕೈಮುಗಿಯುತ್ತಾರೆ. ಎಲ್ಲರೂ ತಪ್ಪದೆ ಹೇಳುವುದು ಇನ್ನೊಂದು ಸಂಗತಿ. ಸದಾ ಕಣ್ಣು ಮುಚ್ಚಿ ನುಡಿಸುತ್ತಿದ್ದ ಆಚಾರ್ಯರು ಅಂದು ಮಂಗಳದವರೆಗೂ ಕಣ್ಣು ಮುಚ್ಚಲಿಲ್ಲ.

ಮರುದಿನ ಕಾಳಮ್ಮನವರು ಕಟ್ಟೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ತಾಯಿಯವರು ಬಾಣಲೆಯಲ್ಲಿ ಕಡಲೆ ಆಡಿಸುತ್ತ ಕೇಳಿಸಿಕೊಂಡರು.

"ಎಷ್ಟು ಹೊತ್ತು ನಿಂತಿದ್ದರು?" ಎಂದು ಕೇಳಿದರು.

"ಕಾಲು ಗಂಟೆ, ತಾಯಿ."

"ಇಲ್ಲಿ ಒಂದು ಗಂಟೆ ನಿಂತಿದ್ದರು, ತಮಗೋಸ್ಕರ" ಎಂದರು ತಾಯಿಯವರು. "ಬೇಗ ಕಲಿತರು, ಪಾಪ. ಒಳ್ಳೆಯವರು."

ತಾಯಿಯವರು ದೇಹ ಬಿಟ್ಟು ಎಷ್ಟೋ ವರ್ಷಗಳಾದವು. ಕಾಳಮ್ಮನವರ ಪೆಟ್ಟಿಗೆ ಈಗ ಅವರ ದೂರದ ಸಂಬಂಧದ ಸೋದರ ಸೊಸೆಯ ಕೈಯಲ್ಲಿದೆ, ಊರಿನ ವೀಣೆಗಳೆಲ್ಲ ಆ ಮನೆಗೇ ಹೋಗುತ್ತವೆ, ನುಡಿಸುವವರೂ ಜೊತೆಯಲ್ಲಿ ಹೋಗಿ ಎದುರು ಕೂರುತ್ತಾರೆ. ಕಟ್ಟೆಯಲ್ಲಿ ಚಾಪೆ ಹಳೆಯದಾದಾಗ ಭಕ್ತರು ಹೊಸದು ಹೆಣೆಯುತ್ತಾರೆ, ಗೋಡೆಯಿಂದ ಗೋಡೆಗೆ. ಆ ತಾಯಿಯ ಕರುಣೆ ಬೇಕೆನ್ನುವವರು ಅಲ್ಲಿಗೆ ಹೋಗಬಹುದು, ಯಾರ ಅಡ್ಡಿಯೂ ಇಲ್ಲ. ಪಕ್ಕದಲ್ಲಿ ಯಾರಿದ್ದಾರೆಂದು ಕಣ್ಣು ತೆರೆದು ನೋಡಿ, ಕೂರಬೇಕು.